ಮನಸ್ಸು ಬಂದಾಗ ಅಲ್ಲ, ತಾರೀಖು ಬಂದಾಗ: ದೇಹ ಮತ್ತು ದುಡ್ಡಿನ ಶಿಸ್ತು

ವಿಡಿಯೋ ನೋಡೋಕೆ ಸಮಯ ಇಲ್ಲದೋರು ಓದಲಿ ಅಂತ ಮಾತನ್ನ ಇಲ್ಲಿ ಬರಹದಲ್ಲಿ ಹಾಕ್ತಿದ್ದೀವಿ.

ಇವತ್ತಿನ ಮಾತು ಮುಖ್ಯವಾಗಿ ಊರು ಬಿಟ್ಟು ಬಂದು ಮಹಾರಾಷ್ಟ್ರದಲ್ಲಿ ದುಡೀತಿರೋ ನಮ್ಮ ಗಂಡಸರಿಗೆ. ನಾಸಿಕ್‌ನ ಅಂಬಡ್, ಸಾತ್‌ಪುರ್ ಕಡೆ ಇರೋರು, ಛತ್ರಪತಿ ಸಂಭಾಜಿನಗರದ ಚಿಕಲ್‌ಠಾಣಾ, ವಾಳೂಜ್ ಕಡೆ ಇರೋರು, ಮನೆಯಿಂದಲೇ ಬೆಂಗಳೂರಿನ ಟೀಮ್‌ಗೆ ಲಾಗಿನ್ ಆಗೋರು, ರಾತ್ರಿ ಹನ್ನೊಂದಕ್ಕೆ ಅಮೆರಿಕದ ಕಾಲ್ ಮುಗಿಸಿ ಊಟಕ್ಕೆ ಕೂರೋರು. ವರ್ಷಕ್ಕೆ ಎರಡು ಸಲ ಮನ್ಮಾಡ್‌ಗೆ ಹೋಗಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತೋ ನಮ್ಮ ಜನ.

ನಮ್ಮಲ್ಲಿ ಬಹಳ ಜನ ಒಂದೇ ಥರದ ಪ್ರಶ್ನೆ ಕೇಳ್ತಾರೆ. "ಸರ್, ಜನವರಿಯಲ್ಲಿ ಜಿಮ್ ಶುರು ಮಾಡ್ತೀನಿ, ಫೆಬ್ರವರಿಯಲ್ಲಿ ನಿಂತೋಗುತ್ತೆ. ಏಪ್ರಿಲ್‌ನಲ್ಲಿ ಎಸ್‌ಐಪಿ ಶುರು ಮಾಡ್ತೀನಿ, ದೀಪಾವಳಿ ಖರ್ಚಿಗೆ ನಿಲ್ಲಿಸ್ತೀನಿ. ನನ್ನಲ್ಲಿ ಶಿಸ್ತೇ ಇಲ್ಲ. ಏನ್ ಮಾಡ್ಲಿ?"

ಈ ಪ್ರಶ್ನೆಯಲ್ಲಿ ಒಂದು ತಪ್ಪು ತಿಳಿವಳಿಕೆ ಅಡಗಿದೆ. ಶಿಸ್ತು ಅನ್ನೋದು ಗುಣ, ಕೆಲವರಿಗೆ ಹುಟ್ಟಿನಿಂದ ಇರುತ್ತೆ, ನನಗಿಲ್ಲ ಅಂತ ನಾವು ಅಂದುಕೊಂಡಿದ್ದೀವಿ. ನಾನು ಹೇಳೋದು ಇಷ್ಟೇ: ಶಿಸ್ತು ಒಂದು ಏರ್ಪಾಡು. ಏರ್ಪಾಡು ಸರಿ ಇದ್ರೆ ಸೋಮಾರಿಯೂ ಮಾಡ್ತಾನೆ. ಏರ್ಪಾಡು ಇಲ್ಲ ಅಂದ್ರೆ ಛಲಗಾರನೂ ಮೂರು ತಿಂಗಳಲ್ಲಿ ಬಿಡ್ತಾನೆ. ಇದಕ್ಕೆ ಸಾಕ್ಷಿ ನಮ್ಮ ಕಣ್ಣೆದುರೇ ಇದೆ.

ನಲ್ಲಿ ನೀರಿನ ಪಾಠ

ಸಂಭಾಜಿನಗರದಲ್ಲಿ ಇರೋರಿಗೆ ನಾನು ಹೇಳಬೇಕಾಗಿಲ್ಲ. ಪೈಠಣದಲ್ಲಿ ಜಾಯಕವಾಡಿಯಂಥ ದೊಡ್ಡ ಜಲಾಶಯ ಇದ್ರೂ, ಈ ಊರಿನ ನಲ್ಲಿಗೆ ನೀರು ದಿನಾ ಬರೋದಲ್ಲ. ವರ್ಷಗಳ ಕಾಲ ಜನ ದಿನಗಳ ಲೆಕ್ಕದಲ್ಲಿ ಕಾದಿದ್ದಾರೆ, ಬೇಸಿಗೆಯಲ್ಲಂತೂ ಆ ಅಂತರ ಇನ್ನೂ ದೊಡ್ಡದು. ಬೆಂಗಳೂರಿನಲ್ಲಿ ಕಾವೇರಿ ನೀರಿಗೆ ಕಾಯ್ದು ಬಂದೋರಿಗೆ ಇದು ಹೊಸದೇನಲ್ಲ.

ಈಗ ಯೋಚನೆ ಮಾಡಿ. ಬೆಳಗ್ಗೆ ಐದೂವರೆಗೆ ಎದ್ದು ವಾಕಿಂಗ್ ಹೋಗೋಕೆ ಆಗಲ್ಲ ಅನ್ನೋ ಅದೇ ಮನುಷ್ಯ, ನೀರು ಬರೋ ದಿನ ನಸುಕಿನಲ್ಲೇ ಎದ್ದು ಮೋಟರ್ ಹಾಕಿ, ಸಂಪ್ ನೋಡಿ, ಡ್ರಮ್ ತುಂಬಿ, ಮತ್ತೆ ಬಂದು ಮಲಗ್ತಾನೆ. ಚಳಿ ಇದ್ರೂ ಏಳ್ತಾನೆ, ಹಿಂದಿನ ರಾತ್ರಿ ಎರಡು ಗಂಟೆವರೆಗೆ ಪ್ರೊಡಕ್ಷನ್ ಇಶ್ಯೂ ಇದ್ರೂ ಏಳ್ತಾನೆ. ಆ ದಿನ ಅವನಿಗೆ ಯಾವ ಮೋಟಿವೇಶನ್ ವಿಡಿಯೋನೂ ಬೇಕಾಗಲ್ಲ.

ಅದೇ ದೇಹ, ಅದೇ ಮನಸ್ಸು. ಹಾಗಾದ್ರೆ ವ್ಯತ್ಯಾಸ ಎಲ್ಲಿದೆ? ಮೂರು ಕಡೆ.

ಒಂದು, ದಿನ ಮೊದಲೇ ನಿಗದಿ ಆಗಿದೆ. ಇವತ್ತು ನೀರು ಹಿಡಿಯೋಣವೋ ಬೇಡವೋ ಅಂತ ಅವನು ಬೆಳಗ್ಗೆ ಹಾಸಿಗೆಯಲ್ಲಿ ಕೂತು ತೀರ್ಮಾನ ಮಾಡಲ್ಲ.

ಎರಡು, ತಪ್ಪಿಸಿದ್ರೆ ಆಗೋ ನಷ್ಟ ಅವತ್ತೇ ಕಾಣುತ್ತೆ. ಟ್ಯಾಂಕ್ ಖಾಲಿ, ಟ್ಯಾಂಕರ್‌ಗೆ ಫೋನು, ಕೈಯಿಂದ ದುಡ್ಡು.

ಮೂರು, ಕೇಳೋರು ಇದ್ದಾರೆ. ಹೆಂಡತಿ ಕೇಳ್ತಾಳೆ, ಪಕ್ಕದ ಮನೆಯ ಕಾಕಾ "ಪಾಣಿ ಭರ್ಲಂ ಕಾ" ಅಂತ ಗೋಡೆ ಆಚೆಯಿಂದಲೇ ಕೇಳ್ತಾರೆ.

ತಾರೀಖು, ಕಾಣೋ ನಷ್ಟ, ಕೇಳೋ ಮನುಷ್ಯ. ಈ ಮೂರು ಇದ್ದ ಕಡೆ ನಾವೆಲ್ಲ ಶಿಸ್ತಿನ ಸಿಪಾಯಿಗಳೇ. ವ್ಯಾಯಾಮಕ್ಕೂ ಉಳಿತಾಯಕ್ಕೂ ಈ ಮೂರೂ ಇಲ್ಲ. ಇವತ್ತು ಓಡದಿದ್ರೆ ನಾಳೆ ಏನೂ ಆಗಲ್ಲ. ಈ ತಿಂಗಳು ಉಳಿಸದಿದ್ರೆ ಮುಂದಿನ ತಿಂಗಳು ಏನೂ ಆಗಲ್ಲ. ಬಿಲ್ ಬರೋದು ಹದಿನೈದು ವರ್ಷ ಆದ ಮೇಲೆ, ಅದೂ ಒಟ್ಟಿಗೆ. ಹಾಗಾಗಿ ನಾವು ಮಾಡಬೇಕಾದ ಕೆಲಸ, ಇಲ್ಲದಿರೋ ಈ ಮೂರನ್ನ ಕೈಯಿಂದ ಕಟ್ಟೋದು.

ಮೊದಲು ದುಡ್ಡು: ಕೈಗೆ ಬರೋ ಮುಂಚೆ

ನಿಮ್ಮ ಸ್ಯಾಲರಿ ಸ್ಲಿಪ್ ತೆಗೆದು ನೋಡಿ. ಮಹಾರಾಷ್ಟ್ರದಲ್ಲಿ ವೃತ್ತಿ ತೆರಿಗೆ ಅಂತ ತಿಂಗಳಿಗೆ 200 ರೂಪಾಯಿ, ಫೆಬ್ರವರಿಯಲ್ಲಿ 300, ವರ್ಷಕ್ಕೆ 2,500 ಕಡಿತ ಆಗುತ್ತೆ. ಈ 2,500 ಕಟ್ಟೋಕೆ ನಿಮಗೆ ಯಾವತ್ತಾದ್ರೂ ಮನಸ್ಸು ಗಟ್ಟಿ ಮಾಡ್ಕೊಬೇಕಾಯ್ತಾ? ಇಪಿಎಫ್‌ಗೆ ಮೂಲ ವೇತನದ ಶೇಕಡಾ 12 ಹೋಗುತ್ತೆ, ಅದೂ ಗೊತ್ತಾಗಲ್ಲ. ಕೈಗೆ ಬರೋ ಮುಂಚೆ ಹೋದ ದುಡ್ಡಿಗೆ ನಾವು ಬದುಕನ್ನ ಹೊಂದಿಸಿಕೊಳ್ತೀವಿ. ಕೈಗೆ ಬಂದ ಮೇಲೆ ಉಳಿಸ್ತೀನಿ ಅಂದ್ರೆ ತಿಂಗಳ 20ನೇ ತಾರೀಖಿಗೆ ಉಳಿಯೋದು ಸ್ಕ್ರೀನ್‌ಶಾಟ್ ಮಾತ್ರ.

ಆದ್ದರಿಂದ ಮೊದಲ ಏರ್ಪಾಡು: ಸಂಬಳ ಬಂದ ಮಾರನೇ ದಿನವೇ ಉಳಿತಾಯ ತಾನಾಗಿ ಹೊರಡಬೇಕು. ಸಂಬಳ 1ಕ್ಕೆ ಬಂದ್ರೆ 2ಕ್ಕೆ. ಆರ್‌ಡಿ ಆಗಲಿ, ಪಿಪಿಎಫ್ ಆಗಲಿ, ಎಸ್‌ಐಪಿ ಆಗಲಿ, ಬ್ಯಾಂಕ್‌ನಲ್ಲಿ ಆಟೋ ಡೆಬಿಟ್ ಹಾಕಿ. 10ನೇ ತಾರೀಖು, 15ನೇ ತಾರೀಖು ಇಡಬೇಡಿ. ಆ ಹೊತ್ತಿಗೆ ಊರಿಂದ ಒಂದು ಫೋನ್ ಬಂದಿರುತ್ತೆ, ಗಾಡಿ ಸರ್ವಿಸ್ ಬಂದಿರುತ್ತೆ.

ಯಾವ ಕ್ರಮದಲ್ಲಿ? ನಾನು ಹೇಳೋ ಕ್ರಮ ಇದು. ಮೊದಲು ಕ್ರೆಡಿಟ್ ಕಾರ್ಡ್ ಬಾಕಿ. ಪೂರ್ತಿ ಕಟ್ಟದೆ ಮಿನಿಮಮ್ ಡ್ಯೂ ಕಟ್ಟಿಕೊಂಡು ಹೋದ್ರೆ ಸಾಮಾನ್ಯವಾಗಿ ವರ್ಷಕ್ಕೆ ಶೇಕಡಾ 36ರಿಂದ 45ರಷ್ಟು ಬಡ್ಡಿ ಬೀಳುತ್ತೆ. ಅದಕ್ಕಿಂತ ಹೆಚ್ಚು ಕೊಡೋ ನಂಬಿಕೆಯ ಹೂಡಿಕೆ ಭೂಮಿ ಮೇಲೆ ಇಲ್ಲ. ಎರಡನೇದು, ಆರು ತಿಂಗಳ ಮನೆ ಖರ್ಚು ಬೇರೆ ಖಾತೆಯಲ್ಲಿ. ನಮ್ಮಂಥ ವಲಸಿಗರಿಗೆ ಇದರ ಜೊತೆ ಇನ್ನೊಂದು ಸಣ್ಣ ಗಂಟು ಬೇಕು, ಅದರ ಹೆಸರು ಊರು. ಅಪ್ಪನಿಗೆ ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ಆಸ್ಪತ್ರೆ ಅಂದ ದಿನ, ಅಡ್ವಾನ್ಸ್ ಕಟ್ಟೋಕೆ ಮತ್ತು ಅದೇ ರಾತ್ರಿ ಹೊರಡೋಕೆ ಬೇಕಾಗೋ ದುಡ್ಡು. ಮೂರನೇದು, ಟರ್ಮ್ ಇನ್ಶೂರೆನ್ಸ್ ಮತ್ತು ನಿಮ್ಮದೇ ಆದ ಆರೋಗ್ಯ ವಿಮೆ. ಕಂಪನಿ ಕೊಡೋ ವಿಮೆ ಕೆಲಸ ಇರೋವರೆಗೆ ಮಾತ್ರ. ಕೆಲಸ ಹೋದ ತಿಂಗಳೇ ವಿಮೆನೂ ಹೋಗುತ್ತೆ, ನಿಮಗೆ ಅದು ಜಾಸ್ತಿ ಬೇಕಾದ ತಿಂಗಳೂ ಅದೇ. ಇದೆಲ್ಲ ಆದ ಮೇಲೆ ದೊಡ್ಡ ಹೂಡಿಕೆ.

ತಪ್ಪಿಸೋದು ಬೇರೆ, ಬಿಡೋದು ಬೇರೆ

ಈಗ ಒಂದು ಲೆಕ್ಕ. ಎಕ್ಸೆಲ್ ತೆಗೆದು ನೀವೂ ಮಾಡಿ ನೋಡಿ. ತಿಂಗಳಿಗೆ 10,000 ರೂಪಾಯಿ, 20 ವರ್ಷ, ವರ್ಷಕ್ಕೆ ಶೇಕಡಾ 8 ಅಂತ ಇಟ್ಟುಕೊಳ್ಳೋಣ. ಇದು ಲೆಕ್ಕಕ್ಕೆ ಹಿಡಿದ ದರ, ಯಾರೂ ಕೊಡೋ ಗ್ಯಾರಂಟಿ ಅಲ್ಲ.

ಒಂದೂ ಕಂತು ತಪ್ಪದೆ ಕಟ್ಟಿದ್ರೆ: ನೀವು ಹಾಕಿದ್ದು 24 ಲಕ್ಷ, ಕೈಗೆ ಬರೋದು ಸುಮಾರು 58.9 ಲಕ್ಷ.

ಪ್ರತಿ ವರ್ಷ ಒಂದು ತಿಂಗಳು ತಪ್ಪಿಸಿದ್ರೆ, ದಸರಾ ತಿಂಗಳು ಅಂದ್ಕೊಳ್ಳಿ: ಸುಮಾರು 54 ಲಕ್ಷ.

ಐದು ವರ್ಷ ಕಟ್ಟಿ, ಮುಂದಿನ ಐದು ವರ್ಷ ನಿಲ್ಲಿಸಿ, ಮತ್ತೆ ಹತ್ತು ವರ್ಷ ಕಟ್ಟಿದ್ರೆ: ಸುಮಾರು 42.6 ಲಕ್ಷ.

ಐದು ವರ್ಷ ಕಟ್ಟಿ, ಕೆಲಸ ಬದಲಾಯಿಸುವಾಗ ಆ ದುಡ್ಡನ್ನ ಪೂರ್ತಿ ತೆಗೆದು ಖರ್ಚು ಮಾಡಿ, ಉಳಿದ ಹದಿನೈದು ವರ್ಷ ಕಟ್ಟಿದ್ರೆ: ಸುಮಾರು 34.6 ಲಕ್ಷ.

ಕೊನೇದನ್ನ ಗಮನಿಸಿ. ಐದು ವರ್ಷದ ಕೊನೆಗೆ ಕೈಗೆ ಬಂದಿದ್ದು ಸುಮಾರು 7.3 ಲಕ್ಷ. ಅದರಲ್ಲಿ ಒಂದು ಕಾರಿನ ಡೌನ್ ಪೇಮೆಂಟ್, ಒಂದು ಟ್ರಿಪ್. ಆದ್ರೆ ಇಪ್ಪತ್ತನೇ ವರ್ಷದಲ್ಲಿ ಕಮ್ಮಿ ಆಗಿದ್ದು 24 ಲಕ್ಷಕ್ಕೂ ಹೆಚ್ಚು. ಐಟಿಯಲ್ಲಿ ಮೂರು ವರ್ಷಕ್ಕೊಮ್ಮೆ ಕಂಪನಿ ಬದಲಾಯಿಸುವ ನಾವು ಪ್ರತಿ ಸಲ ಪಿಎಫ್ ತೆಗೆದ್ರೆ ಆಗೋದು ಇದೇ. ಅದಕ್ಕೇ ಯುಎಎನ್ ಇರೋದು, ಹಳೇ ಖಾತೆಯನ್ನ ಹೊಸ ಕಂಪನಿಗೆ ವರ್ಗಾಯಿಸಿ. ಐದು ವರ್ಷ ಸತತ ಸೇವೆ ಆಗೋ ಮುಂಚೆ ತೆಗೆದ್ರೆ ಸಾಮಾನ್ಯವಾಗಿ ತೆರಿಗೆನೂ ಬೀಳುತ್ತೆ. ವರ್ಗಾಯಿಸಿದ್ರೆ ಹಳೇ ವರ್ಷಗಳೂ ಲೆಕ್ಕಕ್ಕೆ ಸೇರುತ್ತವೆ.

ಈ ನಾಲ್ಕು ಸಾಲಿನಲ್ಲಿ ಇವತ್ತಿನ ಮಾತಿನ ತಿರುಳಿದೆ. ಆಗೊಮ್ಮೆ ಈಗೊಮ್ಮೆ ತಪ್ಪಿಸಿದವನು ಕಳೆದುಕೊಂಡಿದ್ದು ಐದು ಲಕ್ಷದ ಒಳಗೆ. ಬಿಟ್ಟವನು ಕಳೆದುಕೊಂಡಿದ್ದು ಹದಿನಾರು ಲಕ್ಷ. ಕಿತ್ತವನು ಕಳೆದುಕೊಂಡಿದ್ದು ಇಪ್ಪತ್ತನಾಲ್ಕು. ಮ್ಯೂಚುವಲ್ ಫಂಡ್‌ನವರೂ ಒಂದು ಮಾಸಿಕ ಕಂತು ತಪ್ಪಿತು ಅಂತ ಎಸ್‌ಐಪಿ ರದ್ದು ಮಾಡಲ್ಲ, ಸತತ ಮೂರು ಕಂತು ತಪ್ಪಿದ್ರೆ ರದ್ದು ಮಾಡ್ತಾರೆ. ಬ್ಯಾಂಕ್ ಚಾರ್ಜ್ ಬೀಳಬಹುದು, ಅದು ಬೇರೆ. ಆದ್ರೆ ಯಂತ್ರವೇ ನಮಗೆ ಒಂದು ಎರಡು ಸಲ ಕ್ಷಮಿಸುತ್ತೆ. ನಾವು ಮಾತ್ರ ಒಂದು ದಿನ ಜಿಮ್ ತಪ್ಪಿದ ಕೂಡಲೇ "ಹೋಯ್ತು, ಇನ್ನು ಮುಂದಿನ ಸೋಮವಾರದಿಂದ" ಅಂತ ಇಡೀ ವಾರ ಬಿಡ್ತೀವಿ.

ದೇಹ: ಮುಂದಿನ ಮುಕ್ಕಾಂ ಎಷ್ಟು ದೂರ?

ನಾಸಿಕ್‌ನಲ್ಲಿ ಸೈಕಲ್ ಹುಚ್ಚು ಜೋರು, ನೀವು ನೋಡಿರ್ತೀರಿ. ಅದಕ್ಕೆ ಕಾರಣವೂ ಇದೆ. ಈ ಊರಿನ ವೈದ್ಯ ಸಹೋದರರು ಹಿತೇಂದ್ರ ಮಹಾಜನ್, ಮಹೇಂದ್ರ ಮಹಾಜನ್ 2015ರಲ್ಲಿ ಅಮೆರಿಕವನ್ನ ಪಶ್ಚಿಮದಿಂದ ಪೂರ್ವಕ್ಕೆ ಸೈಕಲ್‌ನಲ್ಲಿ ದಾಟೋ ರೇಸ್ ಅಕ್ರಾಸ್ ಅಮೆರಿಕವನ್ನ ಇಬ್ಬರ ತಂಡವಾಗಿ ಮುಗಿಸಿದ್ರು. ಸುಮಾರು 4,800 ಕಿಲೋಮೀಟರ್. 2017ರಲ್ಲಿ ನಾಸಿಕ್‌ನಲ್ಲಿದ್ದ ಸೇನಾ ವೈದ್ಯ ಲೆಫ್ಟಿನೆಂಟ್ ಕರ್ನಲ್ ಶ್ರೀನಿವಾಸ್ ಗೋಕುಲನಾಥ್ ಅದನ್ನ ಒಬ್ಬರೇ ಮುಗಿಸಿದ ಮೊದಲ ಭಾರತೀಯ ಆದ್ರು.

ಇದನ್ನ ಕೇಳಿ ನಮ್ಮವರು ಏನು ಮಾಡ್ತಾರೆ? ಅರವತ್ತು ಸಾವಿರದ ಸೈಕಲ್ ತರ್ತಾರೆ. ಹೆಲ್ಮೆಟ್ಟು, ಗ್ಲೌಸು, ವಾಚು. ಮೂರು ಭಾನುವಾರ ಗಂಗಾಪುರ ಡ್ಯಾಮ್‌ವರೆಗೆ ಹೋಗ್ತಾರೆ, ಫೋಟೋ ಹಾಕ್ತಾರೆ. ನಾಲ್ಕನೇ ತಿಂಗಳು ಬಾಲ್ಕನಿಯಲ್ಲಿ ಆ ಸೈಕಲ್ ಮೇಲೆ ಟವೆಲ್ ಒಣಗ್ತಿರುತ್ತೆ. ಇಲ್ಲಿ ದೇಹದ ಶಿಸ್ತೂ ಹೋಯ್ತು, ದುಡ್ಡಿನ ಶಿಸ್ತೂ ಹೋಯ್ತು. ಸಾಮಾನು ಕೊಂಡ ಖುಷಿಯನ್ನೇ ನಾವು ಸಾಧನೆ ಅಂದುಕೊಂಡುಬಿಡ್ತೀವಿ.

ನನಗೆ ಇದಕ್ಕಿಂತ ಒಳ್ಳೇ ಮಾದರಿ ಕಾಣೋದು ಪಂಢರಪುರದ ವಾರಿಯಲ್ಲಿ. ತ್ರ್ಯಂಬಕೇಶ್ವರದಿಂದ ಸಂತ ನಿವೃತ್ತಿನಾಥರ ಪಾಲಖಿ ಹೊರಡುತ್ತೆ, ಪೈಠಣದಿಂದ ಸಂತ ಏಕನಾಥರ ಪಾಲಖಿ ಹೊರಡುತ್ತೆ. ಎರಡೂ ಆಷಾಢ ಏಕಾದಶಿಗೆ ಪಂಢರಪುರ ಸೇರಬೇಕು. ತ್ರ್ಯಂಬಕದಿಂದ ಹೋಗೋರು ಮೂರು ವಾರಕ್ಕೂ ಹೆಚ್ಚು ನಡೀತಾರೆ. ನಮ್ಮ ಬೆಳಗಾವಿ, ವಿಜಯಪುರ ಕಡೆಯವರಿಗೆ ಇದು ಮನೆಯ ಸುದ್ದಿ, ಅಲ್ಲಿಂದಲೂ ದಿಂಡಿಗಳು ಹೋಗ್ತವೆ. ನಂಬಿಕೆ ಅವರವರಿಗೆ ಬಿಟ್ಟಿದ್ದು, ನಾನು ಹೇಳ್ತಿರೋದು ಅದರ ವ್ಯವಸ್ಥೆ ಬಗ್ಗೆ. ಅರವತ್ತು ವರ್ಷದ ರೈತ, ಸಾದಾ ಚಪ್ಪಲಿ ಹಾಕಿಕೊಂಡು ಅಷ್ಟು ದೂರ ಹೇಗೆ ನಡೀತಾನೆ? ತಲುಪಬೇಕಾದ ತಾರೀಖು ಗಟ್ಟಿ. ಇವತ್ತಿನ ಮುಕ್ಕಾಂ ಎಲ್ಲಿ ಅಂತ ಮೊದಲೇ ತೀರ್ಮಾನ ಆಗಿದೆ. ಒಂದು ದಿನದ ದೂರ ಸಾಧಾರಣ ಮನುಷ್ಯ ನಡೆಯಬಹುದಾದಷ್ಟೇ. ಜೊತೆಗೆ ದಿಂಡಿ ಇದೆ, ಹಿಂದೆ ಬಿದ್ದವನನ್ನ ಹುಡುಕೋರು ಇದ್ದಾರೆ. ಅವನು ಯಾವತ್ತೂ ನಾನೂರು ಕಿಲೋಮೀಟರ್ ನಡೆಯಲ್ಲ, ಇವತ್ತಿನ ಮುಕ್ಕಾಂವರೆಗೆ ಮಾತ್ರ ನಡೀತಾನೆ.

ನಮ್ಮ ಮುಕ್ಕಾಂ ಎಷ್ಟು? ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳೋದು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ, ಅಂದ್ರೆ ವಾರಕ್ಕೆ ಐದು ದಿನ ಅರ್ಧ ಗಂಟೆ ಚುರುಕಾದ ನಡಿಗೆ. ಜೊತೆಗೆ ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಕೆಲಸ: ಬಸ್ಕಿ, ದಂಡ, ಬ್ಯಾಂಡು, ತೂಕ, ಯಾವುದಾದ್ರೂ ಸರಿ. ನಾಸಿಕ್‌ನಲ್ಲಿ ಗಾಲ್ಫ್ ಕ್ಲಬ್ ಮೈದಾನದ ಟ್ರ್ಯಾಕ್ ಇದೆ, ಭಾನುವಾರಕ್ಕೆ ಪಾಂಡವಲೇಣಿಯ ಮೆಟ್ಟಿಲಿದೆ. ಸಂಭಾಜಿನಗರದಲ್ಲಿ ಗೋಗಾಬಾಬಾ ಗುಡ್ಡ ಇದೆ. ಏನೂ ಇಲ್ಲ ಅಂದ್ರೆ ಅಪಾರ್ಟ್‌ಮೆಂಟಿನ ಮೆಟ್ಟಿಲು ಇದ್ದೇ ಇದೆ.

ಆದ್ರೆ ಗುರಿ ಜೊತೆ ಒಂದು ಕನಿಷ್ಠವನ್ನೂ ಬರೆದಿಡಿ. ರಿಲೀಸ್ ಇರೋ ದಿನ, ಮಗುಗೆ ಜ್ವರ ಇರೋ ದಿನ, ನಾಸಿಕ್‌ನಲ್ಲಿ ಮಳೆ ಬಿಡದೆ ಸುರಿಯೋ ದಿನ ನಾನು ಮಾಡೋ ಕನಿಷ್ಠ ಏನು? ಹತ್ತು ನಿಮಿಷ ಮನೆಯೊಳಗೇ ನಡಿಗೆ, ಇಪ್ಪತ್ತು ಬಸ್ಕಿ. ಅಷ್ಟೇ. ಅದರಿಂದ ತೂಕ ಇಳಿಯಲ್ಲ ನಿಜ. ಅದು ತೂಕಕ್ಕಲ್ಲ, ಸರಪಳಿ ಕಡಿಯದೆ ಇರೋಕೆ. ಕಷ್ಟದ ತಿಂಗಳಲ್ಲಿ 10,000 ಬದಲು 500 ಕಟ್ಟಿ ಖಾತೆ ಜೀವಂತ ಇಡೋದಿಲ್ವಾ, ಹಾಗೆ.

ಕಾಣೋ ನಷ್ಟ ಬೇಕು ಅಂದೆ. ದೇಹಕ್ಕೆ ಅದು ಒಂದು ಟೇಪು. ತಿಂಗಳ 2ನೇ ತಾರೀಖು, ಎಸ್‌ಐಪಿ ಹೋದ ದಿನವೇ, ಸೊಂಟದ ಸುತ್ತಳತೆ ತೆಗೀರಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಹೊಟ್ಟೆ ಒಳಗೆ ಎಳೆದುಕೊಳ್ಳದೆ. ನಮ್ಮ ದೇಶದ ಗಂಡಸರಿಗೆ ವೈದ್ಯರು ಇಟ್ಟಿರೋ ಗಡಿ 90 ಸೆಂಟಿಮೀಟರ್, ಅಂದ್ರೆ ಸುಮಾರು ಮೂವತ್ತೈದೂವರೆ ಇಂಚು. ಪ್ಯಾಂಟ್ ಸೈಜ್ ನಂಬಬೇಡಿ, ನಾವು ಪ್ಯಾಂಟನ್ನ ಹೊಟ್ಟೆಯ ಕೆಳಗೆ ಹಾಕ್ತೀವಿ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನ ಪ್ರಕಾರ ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆ ಇದೆ. ದಿನಕ್ಕೆ ಹತ್ತು ಗಂಟೆ ಕುರ್ಚಿಯಲ್ಲಿ ಕೂರೋ ನಾವು ಆ ಸಾಲಿನ ಹತ್ತಿರವೇ ಇದ್ದೀವಿ. ವರ್ಷಕ್ಕೊಮ್ಮೆ ರಕ್ತದ ಸಕ್ಕರೆ, ಬಿಪಿ, ಕೊಲೆಸ್ಟ್ರಾಲ್ ನೋಡಿಸಿ. ನಲವತ್ತು ದಾಟಿದೋರು, ಬಿಪಿ ಇರೋರು, ಎದೆ ಹಿಡಿದಂತಾಗೋರು ಜೋರು ವ್ಯಾಯಾಮಕ್ಕೆ ಮುಂಚೆ ಡಾಕ್ಟರ್ ಹತ್ರ ಹೋಗಿ.

ಊಟದ ಬಗ್ಗೆ ಹೆಚ್ಚು ಹೇಳಲ್ಲ. ಭಾನುವಾರ ನಾಸಿಕ್‌ನ ಮಿಸಳ್ ತಿನ್ನಿ, ಯಾರು ಬೇಡ ಅಂದ್ರು? ರಾತ್ರಿ ಹನ್ನೊಂದೂವರೆಗೆ ಬರೋ ಪಾರ್ಸೆಲ್ ನಿಲ್ಲಿಸಿ. ಜೋಳದ ರೊಟ್ಟಿಯನ್ನ ಇಲ್ಲಿ ಭಾಕ್ರಿ ಅಂತಾರೆ, ಅದೇ ಜೋಳ, ಅದೇ ರುಚಿ. ನಮ್ಮ ಅಜ್ಜಿಯ ಊಟ ಇಲ್ಲೂ ಸಿಗುತ್ತೆ.

ಮರಳಿ ಬರೋ ನಿಯಮ

ಇಷ್ಟೆಲ್ಲ ಮಾಡಿದ ಮೇಲೂ ಒಂದು ದಿನ ತಪ್ಪುತ್ತೆ. ಖಂಡಿತ ತಪ್ಪುತ್ತೆ. ಆ ದಿನಕ್ಕೆ ನಿಯಮ ಇಲ್ಲದ ಯೋಜನೆ ಯೋಜನೆಯೇ ಅಲ್ಲ.

ನಾಸಿಕ್ ಜಿಲ್ಲೆಯ ಚಾಂದವಡ ತಾಲೂಕಿನಲ್ಲಿ ತಳೇಗಾಂವ್ ರೋಹಿ ಅಂತ ಒಂದು ಹಳ್ಳಿ. ಬರದ ನಾಡು. ಅಲ್ಲಿ ಅಪ್ಪನ ಜೊತೆ ಬಾವಿ ತೋಡೋ ಕೆಲಸ ಮಾಡ್ತಿದ್ದ ಹುಡುಗ ದತ್ತು ಭೋಕನಳ್. 2012ರಲ್ಲಿ ಸೇನೆ ಸೇರಿದ ಮೇಲೆ ದೋಣಿ ಹುಟ್ಟು ಹಾಕೋದನ್ನ ಕಲಿತು, 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಸಿಂಗಲ್ ಸ್ಕಲ್ಸ್‌ನಲ್ಲಿ 13ನೇ ಸ್ಥಾನ ಪಡೆದ. ನೀರಿಲ್ಲದ ಊರಿನ ಹುಡುಗ ನೀರಿನ ಮೇಲೆ ಒಲಿಂಪಿಕ್ಸ್‌ಗೆ ಹೋದ. ಆದ್ರೆ ನಾನು ಹೇಳಬೇಕು ಅಂತಿರೋದು 2018ರ ಆಗಸ್ಟ್‌ನ ಎರಡು ದಿನಗಳ ಬಗ್ಗೆ.

ಇಂಡೋನೇಷ್ಯಾದ ಏಷ್ಯನ್ ಗೇಮ್ಸ್. ಆಗಸ್ಟ್ 23ರಂದು ಸಿಂಗಲ್ ಸ್ಕಲ್ಸ್ ಫೈನಲ್‌ನಲ್ಲಿ ದತ್ತು ಎಲ್ಲರಿಗಿಂತ ಕೊನೆಗೆ ಬಂದ. ಆರೋಗ್ಯ ಕೈಕೊಟ್ಟಿತ್ತು, ಗುರಿ ಮುಟ್ಟೋ ಹೊತ್ತಿಗೆ ದೋಣಿಯಲ್ಲಿ ಕೂರೋಕೂ ಆಗದ ಸ್ಥಿತಿ. ಅವನು ಅಲ್ಲಿಗೇ ಕೂತುಬಿಟ್ಟಿದ್ರೆ ಯಾರೂ ಬೈತಿರಲಿಲ್ಲ. ಮಾರನೇ ದಿನ, 24ರಂದು, ಸ್ವರ್ಣ್ ಸಿಂಗ್, ಓಂ ಪ್ರಕಾಶ್, ಸುಖ್‌ಮೀತ್ ಸಿಂಗ್ ಜೊತೆ ಕ್ವಾಡ್ರಪಲ್ ಸ್ಕಲ್ಸ್ ದೋಣಿಗೆ ಹತ್ತಿದ. ನಾಲ್ಕು ಜನರ ಆ ದೋಣಿ ಚಿನ್ನ ಗೆದ್ದಿತು.

ನಾವು ಚಾಂಪಿಯನ್‌ಗಳಲ್ಲ, ಜ್ವರದಲ್ಲಿ ವ್ಯಾಯಾಮ ಮಾಡಿ ಅಂತ ನಾನು ಹೇಳ್ತಿಲ್ಲ. ದಯವಿಟ್ಟು ಮಾಡಬೇಡಿ. ನಾನು ಹೇಳೋದು, 23ನೇ ತಾರೀಖಿನ ಸೋಲು 24ನೇ ತಾರೀಖನ್ನ ರದ್ದು ಮಾಡಲಿಲ್ಲ ಅನ್ನೋದು. ಅವನಿಗೆ 24 ಮೊದಲೇ ನಿಗದಿ ಆಗಿತ್ತು, ದೋಣಿಯಲ್ಲಿ ಇನ್ನೂ ಮೂವರು ಕಾಯ್ತಿದ್ರು. ತಾರೀಖೂ ಇತ್ತು, ಕೇಳೋರೂ ಇದ್ರು.

ನಮ್ಮ ನಿಯಮ ಹೀಗಿರಲಿ: ಒಂದು ಸಲ ತಪ್ಪಬಹುದು, ಸತತ ಎರಡು ಸಲ ತಪ್ಪಬಾರದು. ತಪ್ಪಿದ ಮಾರನೇ ದಿನ ಡಬಲ್ ಮಾಡೋಕೆ ಹೋಗಬೇಡಿ, ಕನಿಷ್ಠ ಮಾಡಿ. ಎಸ್‌ಐಪಿ ತಪ್ಪಿದ್ರೆ ಮುಂದಿನ ತಿಂಗಳು ಎರಡು ಕಂತು ಕಟ್ಟೋ ಶಪಥ ಬೇಡ, ಒಂದು ಕಂತು ಸರಿಯಾದ ದಿನ ಹೋಗಲಿ. ಶಿಕ್ಷೆ ಕೊಟ್ಟುಕೊಳ್ಳೋ ಮನುಷ್ಯ ಮರಳಿ ಬರೋಕೆ ಹೆದರ್ತಾನೆ.

ಕೇಳೋರು ಯಾರು?

ಈಗ ಮೂರನೇ ಭಾಗ, ನಮ್ಮ ಗಂಡಸರಿಗೆ ಕಷ್ಟದ ಭಾಗ.

ನಮ್ಮ ಮನೆಯ ಹೆಂಗಸರು ಚೀಟಿ ಹಾಕ್ತಾರೆ. ಇಲ್ಲಿ ಅದಕ್ಕೆ ಭಿಶಿ ಅಂತಾರೆ, ನಮ್ಮ ಉತ್ತರ ಕರ್ನಾಟಕದಲ್ಲೂ ಹಾಗೇ ಅಂತಾರೆ. ತಿಂಗಳ ಒಂದು ದಿನ ಎಲ್ಲರೂ ಸೇರ್ತಾರೆ, ದುಡ್ಡು ಇಡ್ತಾರೆ, ಒಬ್ಬರು ಎತ್ತುತ್ತಾರೆ. ಅಲ್ಲಿ ಕಂತು ತಪ್ಪಿಸೋರು ಎಷ್ಟು ಜನ? ಬಹಳ ಕಮ್ಮಿ. ಯಾಕಂದ್ರೆ ಹನ್ನೆರಡು ಜನ ಮುಖ ನೋಡ್ತಾರೆ. ಎಂಬಿಎ ಓದಿದ ಗಂಡ ಆ್ಯಪ್‌ನಲ್ಲಿ ಎರಡು ಬಟನ್ ಒತ್ತಿ ಎಸ್‌ಐಪಿ ನಿಲ್ಲಿಸ್ತಾನೆ, ಅವನ ಮುಖವನ್ನ ಯಾರೂ ನೋಡಲ್ಲ.

ಭಿಶಿಯಿಂದ ತಾರೀಖು ಮತ್ತು ಮುಖಗಳನ್ನ ಸಾಲ ತಗೊಳ್ಳಿ, ದುಡ್ಡನ್ನ ನಿಮ್ಮ ಖಾತೆಯಲ್ಲೇ ಇಡಿ. ನಾಲ್ಕು ಜನ ಗೆಳೆಯರು ಸಾಕು. ತಿಂಗಳ 2ಕ್ಕೆ ಗ್ರೂಪ್‌ನಲ್ಲಿ ಎರಡೇ ಸಾಲು: ಉಳಿತಾಯ ಹೋಯ್ತು ಅಥವಾ ಹೋಗಿಲ್ಲ, ಸೊಂಟ ಇಷ್ಟು. ಮೊತ್ತ ಹೇಳಬೇಕಾಗಿಲ್ಲ, ಸಂಬಳ ಹೇಳಬೇಕಾಗಿಲ್ಲ. ಯಾರಾದ್ರೂ ಹಾಕಿಲ್ಲ ಅಂದ್ರೆ ಫೋನ್ ಮಾಡಿ. ಬೈಯೋಕಲ್ಲ, "ಏನಪ್ಪಾ, ಎಲ್ಲಾ ಸರಿ ಇದೆಯಾ" ಅಂತ ಕೇಳೋಕೆ. ಪರಊರಿನಲ್ಲಿ ಕೆಲಸ ಕಳೆದುಕೊಂಡು ಎರಡು ತಿಂಗಳು ಯಾರಿಗೂ ಹೇಳದೆ ಬೆಳಗ್ಗೆ ಬ್ಯಾಗ್ ಹಾಕಿಕೊಂಡು ಹೊರಡೋ ಗಂಡಸರಿದ್ದಾರೆ. ಅವರಿಗೆ ಆ ಒಂದು ಫೋನು ಯಾವ ಹೂಡಿಕೆಗಿಂತಲೂ ದೊಡ್ಡದು.

ಇಲ್ಲೇ ಒಂದು ಎಚ್ಚರಿಕೆ. ಗೆಳೆಯರ ಗುಂಪು ಅಂದ ಕೂಡಲೇ ಅಲ್ಲೊಬ್ಬ "ತಿಂಗಳಿಗೆ ಶೇಕಡಾ 5" ಅನ್ನೋ ಸ್ಕೀಮ್ ತರ್ತಾನೆ. ಬೇಡ. ಸಹಕಾರಿ ಪತಸಂಸ್ಥೆಗಳಲ್ಲಿ ಅರ್ಧ ಶೇಕಡಾ, ಒಂದು ಶೇಕಡಾ ಜಾಸ್ತಿ ಬಡ್ಡಿ ಅಂತ ಇಡೋರೂ ಒಂದು ವಿಷಯ ತಿಳ್ಕೊಳ್ಳಿ. ಬ್ಯಾಂಕ್ ಠೇವಣಿಗೆ 2020ರ ಫೆಬ್ರವರಿಯಿಂದ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕ್‌ನಲ್ಲಿ 5 ಲಕ್ಷದವರೆಗೆ ವಿಮೆ ಇದೆ. ಆ ವಿಮೆ ಪತಸಂಸ್ಥೆಗಳಿಗೆ ಇಲ್ಲ. ವರ್ಷಗಟ್ಟಲೆ ಶಿಸ್ತಿನಿಂದ ಕೂಡಿಟ್ಟ ದುಡ್ಡು ಒಂದೇ ಸಹಿಯಲ್ಲಿ ಹೋಗಬಾರದು.

ಕೇಳೋರಲ್ಲಿ ಮೊದಲನೆಯವರು ಮನೆಯಲ್ಲೇ ಇರಬೇಕು. ಸುಮ್ಮನೆ ಊಹಿಸಿ: ಒಬ್ಬ ನಲವತ್ತೊಂದು ವರ್ಷದ ಮನುಷ್ಯ, ರಾತ್ರಿ ಎದೆನೋವು, ಐಸಿಯು. ಹೆಂಡತಿ ಕೈಯಲ್ಲಿ ಅವನ ಫೋನ್ ಇದೆ, ಲಾಕ್ ಗೊತ್ತಿಲ್ಲ. ಆರೋಗ್ಯ ವಿಮೆಯ ಕಾರ್ಡ್ ಯಾವ ಮೇಲ್‌ನಲ್ಲಿದೆ ಗೊತ್ತಿಲ್ಲ. ಟರ್ಮ್ ಪಾಲಿಸಿ ಇದೆಯೋ ಇಲ್ಲವೋ ಗೊತ್ತಿಲ್ಲ. ಪಿಎಫ್‌ನಲ್ಲಿ ನಾಮಿನಿ ಮದುವೆಗೆ ಮುಂಚೆ ಹಾಕಿದ ಹೆಸರೇ ಇದೆ. ಮರಾಠಿ ಅಷ್ಟಕ್ಕಷ್ಟೇ, ಅತ್ತೆ ಮಾವ ಆರುನೂರು ಏಳುನೂರು ಕಿಲೋಮೀಟರ್ ದೂರ. ಅವನು ಹತ್ತು ವರ್ಷ ಉಳಿಸಿದ್ದೇ ಇವಳಿಗಾಗಿ. ಆದ್ರೆ ಆ ರಾತ್ರಿ ಅದರಲ್ಲಿ ಒಂದು ರೂಪಾಯಿ ಇವಳ ಕೈಗೆ ಸಿಗಲ್ಲ.

ಹಾಗಾಗಿ ಒಂದು ಕಾಗದ ಬರೀರಿ. ಕಾಗದದ ಮೇಲೇ, ಕನ್ನಡದಲ್ಲೇ. ಯಾವ ಬ್ಯಾಂಕ್, ಯಾವ ಪಾಲಿಸಿ, ಯಾರಿಗೆ ಫೋನ್ ಮಾಡಬೇಕು, ಸಾಲ ಎಷ್ಟಿದೆ. ಬೀರುವಿನಲ್ಲಿ ಇಡಿ, ಹೆಂಡತಿಗೆ ತೋರಿಸಿ. ವರ್ಷಕ್ಕೊಮ್ಮೆ, ಯುಗಾದಿ ಹತ್ತಿರ, ಇಬ್ಬರೂ ಕೂತು ತಿದ್ದಿ. ಮದುವೆ ಆಗದೋರು ಅಪ್ಪನಿಗೋ ತಂಗಿಗೋ ತೋರಿಸಿ. ನಾಮಿನಿ ಹೆಸರನ್ನ ಇದೇ ವಾರ ನೋಡಿ.

ಈ ವಾರದ ಕೆಲಸ

ಮುಗಿಸ್ತೀನಿ. ಹೊಸ ಶೂ ಬೇಡ, ಹೊಸ ಆ್ಯಪ್ ಬೇಡ. ಈ ವಾರ ನಾಲ್ಕು ಕೆಲಸ ಮಾಡಿ. ಆಟೋ ಡೆಬಿಟ್ ತಾರೀಖನ್ನ ಸಂಬಳದ ಮಾರನೇ ದಿನಕ್ಕೆ ಬದಲಾಯಿಸಿ. ಕ್ಯಾಲೆಂಡರ್‌ನಲ್ಲಿ ವಾರಕ್ಕೆ ಐದು ಅರ್ಧ ಗಂಟೆಗಳನ್ನ ಮೀಟಿಂಗ್ ಥರ ಬ್ಲಾಕ್ ಮಾಡಿ, ಕೆಟ್ಟ ದಿನದ ಕನಿಷ್ಠ ಏನು ಅಂತ ಪಕ್ಕದಲ್ಲೇ ಬರೀರಿ. ಮೂರು ಜನ ಗೆಳೆಯರಿಗೆ ಫೋನ್ ಮಾಡಿ. ಮನೆಯ ಕಾಗದ ಬರೀರಿ. ಎಲ್ಲಾ ಸೇರಿ ಎರಡು ಗಂಟೆ ಹಿಡಿಯುತ್ತೆ, ಒಂದು ಸಿನಿಮಾದಷ್ಟು.

ಮನ್ಮಾಡ್‌ನಲ್ಲಿ ನಿಂತು ನೋಡಿ, ಕರ್ನಾಟಕ ಎಕ್ಸ್‌ಪ್ರೆಸ್ ನಿಮ್ಮ ಮೂಡ್ ಕೇಳಿ ಹೊರಡಲ್ಲ. ಟಿಕೆಟ್ ತೆಗೆದ ಮೇಲೆ ನಾವೂ ಮೂಡ್ ನೋಡಲ್ಲ, ಸ್ಟೇಷನ್‌ಗೆ ಹೋಗ್ತೀವಿ. ಬೆಳಗಿನ ನಡಿಗೆಗೂ ತಿಂಗಳ ಉಳಿತಾಯಕ್ಕೂ ಹಾಗೇ ಮೊದಲೇ ಟಿಕೆಟ್ ತೆಗೆದಿಡಿ.

ಮುಂದಿನ ವಾರ ಟರ್ಮ್ ಇನ್ಶೂರೆನ್ಸ್ ಎಷ್ಟು ಮೊತ್ತಕ್ಕೆ, ಎಷ್ಟು ವರ್ಷಕ್ಕೆ ತಗೋಬೇಕು ಅನ್ನೋದನ್ನ ಲೆಕ್ಕ ಹಾಕಿ ನೋಡೋಣ. ಅಲ್ಲಿವರೆಗೆ ಆರೋಗ್ಯ ನೋಡ್ಕೊಳ್ಳಿ.